ಶ್ರೀಮತಿಯವರನ್ನು ಸಕ್ರಮಗೊಳಿಸಿದ ವೃತ್ತಾಂತ

ಶ್ರೀಮತಿಯವರ ತವರುಮನೆ ನಾಲ್ಕು ತಲೆಮಾರುಗಳಿಂದ ಮರ್ಯಾದಸ್ಥರ ಮನೆ ಎಂಬುದನ್ನು ಮೊದಲಿಗೇ ಹೇಳಿಬಿಡಬೇಕು. ಅವರ ಮುತ್ತಜ್ಜ ಅಂಚೆ ಕಚೇರಿಯ ಮುಖ್ಯಸ್ಥರಾಗಿದ್ದರು. ಇಡೀ ಊರಿನ ಕಾಗದಗಳು ಜೀವಮಾನವಿಡೀ ಅವರ ಕೈಯ ಮೂಲಕ ಹಾದುಹೋದರೂ ಒಂದೇ ಒಂದು ಕಾರ್ಡಿನ ಬೆನ್ನನ್ನು ಓದಿದವರಲ್ಲ. ಅಜ್ಜ ಶಾಲಾ ತನಿಖಾಧಿಕಾರಿ. ಮನೆಗೆ ಬಂದ ಮದುವೆಯ ಕರೆಯೋಲೆಗಳ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಕಳಿಸಿದವರಿಗೇ ಹಿಂದಿರುಗಿಸುತ್ತಿದ್ದರು. ಮದುವೆಗೆ ಮಾತ್ರ ತಪ್ಪದೆ ಹೋಗುತ್ತಿದ್ದರು. ತಂದೆ ನ್ಯಾಯಾಲಯದ ಹೆಡ್ ಕ್ಲರ್ಕ್. ಆ ಮನೆಯಲ್ಲಿ ಯಾರೂ ಮೆಟ್ಟಿಲ ಮೇಲೆ ನಿಂತು ಹರಟಿದ್ದಿಲ್ಲ, ಬಾಯಲ್ಲಿ ತುತ್ತಿಟ್ಟುಕೊಂಡು ನಕ್ಕಿದ್ದಿಲ್ಲ. ಶ್ರೀಮತಿಯವರು ಸ್ವತಃ ಕಾನ್ವೆಂಟಿನಲ್ಲಿ ಓದಿದವರು. ಅಲ್ಲಿನ ಮದರ್ ಹುಡುಗಿಯರ ತಲೆಯ ಮೇಲೆ ದಪ್ಪನೆಯ ಪುಸ್ತಕವಿಟ್ಟು ವರಾಂಡದ ಉದ್ದಕ್ಕೂ ನಡೆಸುತ್ತಿದ್ದರು. ಪುಸ್ತಕ ಇಳಿಸಿ ಎಷ್ಟೋ ವರ್ಷಗಳಾದರೂ ಅದು ಇನ್ನೂ ಅಲ್ಲಿಯೇ ಇದೆ ಎಂಬಂತೆ ಶ್ರೀಮತಿಯವರು ಇಂದಿಗೂ ನಡೆಯುತ್ತಾರೆ.

ಇಂಥ ಮನೆಯ ಹೆಣ್ಣುಮಗಳು ನಟನೊಬ್ಬನ ಕೈಹಿಡಿದದ್ದು ಹೇಗೆ ಎಂದು ಕೇಳುವವರಿದ್ದಾರೆ. ವರ ಆಗ ವಿಮಾ ಕಚೇರಿಯ ಗುಮಾಸ್ತರಾಗಿದ್ದರು. ನಟನೆ ಎಂಬುದು ಭಾನುವಾರಕ್ಕೆ ಸೀಮಿತವಾದ ಕಾಯಿಲೆಯಾಗಿತ್ತು. ಆಮೇಲೆ ವಾರದ ಉಳಿದ ದಿನಗಳಿಗೂ ಹಬ್ಬಿತು. ಅದರಲ್ಲಿ ಶ್ರೀಮತಿಯವರ ತಪ್ಪೇನೂ ಇಲ್ಲ.

ಹಬ್ಬಿದ ಮೇಲೆ ಅವರು ಮಾಡದ ಪಾತ್ರವಿಲ್ಲ. ಬೆಳಿಗ್ಗೆ ಒಂದು ಸ್ಟುಡಿಯೋದಲ್ಲಿ ನ್ಯಾಯಾಧೀಶರಾಗಿ ಗಲ್ಲುಶಿಕ್ಷೆ ಕೊಟ್ಟು, ಮಧ್ಯಾಹ್ನ ಇನ್ನೊಂದರಲ್ಲಿ ವಧುವಿನ ತಂದೆಯಾಗಿ ಬೀಗರ ಮುಂದೆ ಕೈಮುಗಿದು, ಸಂಜೆ ಮೂರನೆಯದರಲ್ಲಿ ಡಾಕ್ಟರಾಗಿ ಕನ್ನಡಕ ತೆಗೆದು ತಲೆಯಾಡಿಸಿದ ದಿನಗಳೂ ಉಂಟು. ಎಲ್ಲ ಮುಗಿದ ಮೇಲೆ ಬರುವ ಪೊಲೀಸ್ ಅಧಿಕಾರಿ, ಆಸ್ತಿ ಹಂಚುವ ಮೊದಲೇ ಸಾಯುವ ಅಜ್ಜ, ನಾಯಕನ ಹಿಂದೆ ನಿಂತು "ಹೌದು, ಹೌದು" ಎನ್ನುವ ಊರಿನ ದೊಡ್ಡ ಮನುಷ್ಯ, ಎಲ್ಲವೂ ಅವರೇ. ಜನಕ್ಕೆ ಅವರ ಹೆಸರು ಗೊತ್ತಿರಲಿಲ್ಲ. ಬೀದಿಯಲ್ಲಿ ತಡೆದು "ನೀವು ನಮ್ಮ ಚಿಕ್ಕಪ್ಪನ ಷಡ್ಡಕರಲ್ವಾ?" ಎಂದು ಕೇಳುತ್ತಿದ್ದರು. ಅವರು ಯಾರ ಮನಸ್ಸನ್ನೂ ನೋಯಿಸದ ಸ್ವಭಾವದವರಾದ್ದರಿಂದ ಹೌದೆನ್ನುತ್ತಿದ್ದರು.

ಅನಂತರ ರಾತ್ರಿ ಎಂಟರ ಧಾರಾವಾಹಿ ಬಂತು. ಅದರಲ್ಲಿ ಅವರು ಯಜಮಾನರು. ಯಜಮಾನರಿಗೊಬ್ಬ ಹೆಂಡತಿ. ವಾರಕ್ಕೆ ಆರು ದಿನ ಅಳುವುದು, ಕಾಯುವುದು, ಆರಿದ ಅಡುಗೆಯನ್ನು ಬಿಸಿ ಮಾಡುವುದು ಆಕೆಯ ಕೆಲಸ. ಜನ ಆಕೆಗೆ ತಾಳ್ಮೆಯಮ್ಮ ಎಂದೇ ಹೆಸರಿಟ್ಟಿದ್ದರು. ಈ ಸಂಸಾರ ಎಂಟನೆಯ ವರ್ಷಕ್ಕೆ ಕಾಲಿಟ್ಟಿತ್ತು. ಶ್ರೀಮತಿಯವರು ಅದರ ಒಂದು ಕಂತನ್ನೂ ನೋಡಿದವರಲ್ಲ. ಬೇರೆಯವರ ಮನೆಯೊಳಗೆ ಇಣುಕುವುದು ಅವರಿಗೆ ರೂಢಿಯಿಲ್ಲ.

ಆ ಕಸುಬಿನ ಎರಡು ಕಟ್ಟುಪಾಡುಗಳನ್ನು ಇಲ್ಲಿ ತಿಳಿಸಬೇಕು. ಮೊದಲನೆಯದು ಕಂಟಿನ್ಯುಟಿ. ಒಂದು ದೃಶ್ಯ ಮುಗಿಯುವಾಗ ನಟನ ಮೈಮೇಲೆ ಏನಿತ್ತೋ ಮುಂದಿನ ದೃಶ್ಯದಲ್ಲಿಯೂ ಅದೇ ಇರಬೇಕು. ಧಾರಾವಾಹಿಯಲ್ಲಿ ಒಂದು ಸಂಜೆ ಮುಗಿಯಲು ಮೂರು ವಾರ ಬೇಕಾಗುವುದರಿಂದ, ಯಜಮಾನರು ಮೆಟ್ಟಿಲಿಂದ ಬಿದ್ದು ಹಣೆಗೆ ಕಟ್ಟಿಸಿಕೊಂಡ ಬ್ಯಾಂಡೇಜನ್ನು ಮೂರು ವಾರವೂ ಬಿಚ್ಚುವಂತಿರಲಿಲ್ಲ. ಬಿಚ್ಚಿದರೆ ಮತ್ತೆ ಅದೇ ಓರೆಗೆ ಕಟ್ಟುವುದು ಕಷ್ಟ. ಹಾಗಾಗಿ ಅವರು ಬ್ಯಾಂಡೇಜಿನಲ್ಲಿಯೇ ಮಲಗಿ, ಬ್ಯಾಂಡೇಜಿನಲ್ಲಿಯೇ ತರಕಾರಿ ತರುತ್ತಿದ್ದರು. ಎರಡನೆಯದು ಪ್ರಾಂಪ್ಟಿಂಗ್. ದಿನಕ್ಕೆ ಇಷ್ಟಿಷ್ಟು ಮಾತನ್ನು ಯಾರೂ ಬಾಯಿಪಾಠ ಮಾಡಲಾರರು. ಕ್ಯಾಮೆರಾದ ಹಿಂದಿನಿಂದ ಸಹಾಯಕನೊಬ್ಬ ಸಾಲು ಸಾಲಾಗಿ ಹೇಳಿಕೊಡುತ್ತಾನೆ, ನಟ ಭಾವ ತುಂಬಿ ಒಪ್ಪಿಸುತ್ತಾನೆ. ಎಂಟು ವರ್ಷದಲ್ಲಿ ಇದು ಶ್ರೀಮತಿಯವರ ಪತಿಗೆ ಉಸಿರಾಟದಷ್ಟೇ ಸಹಜವಾಗಿಬಿಟ್ಟಿತ್ತು. ಹಿಂದಿನಿಂದ ಯಾರು ಏನು ಹೇಳಿದರೂ ಅವರು ಅದನ್ನು ಅತ್ಯಂತ ಮನಮುಟ್ಟುವಂತೆ ಹೇಳಬಲ್ಲವರಾಗಿದ್ದರು.

ಸ್ಟುಡಿಯೋಗೆ ಹತ್ತಿರವಾಗಲಿ ಎಂದು ದಂಪತಿಗಳು ಹೊಸ ಕಟ್ಟಡವೊಂದರ ಆರನೆಯ ಮಹಡಿಗೆ ಬಂದದ್ದು ಆ ಬ್ಯಾಂಡೇಜಿನ ವಾರಗಳಲ್ಲಿಯೇ. ಮೊದಲ ದಿನ ಲಿಫ್ಟಿನಲ್ಲಿದ್ದವರೆಲ್ಲ ಯಜಮಾನರನ್ನು ಕಂಡು ಅರಳಿದರು. ಪಕ್ಕದಲ್ಲಿದ್ದ ಶ್ರೀಮತಿಯವರನ್ನು ಕಂಡು ಮುದುಡಿದರು. ವಾರದೊಳಗೆ ಬಾಗಿಲಡಿಯಿಂದ ನಿವಾಸಿಗಳ ಸಂಘದ ನೋಟೀಸು ಒಳಗೆ ಜಾರಿತು:

"ವಿಷಯ: ತಮ್ಮ ಫ್ಲ್ಯಾಟಿನಲ್ಲಿ ವಾಸವಾಗಿರುವ ಮಹಿಳೆಯ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ತಾವು ವಿವಾಹಿತರೆಂಬುದು ಸಂಘದ ಸಮಸ್ತ ಸದಸ್ಯರಿಗೂ ವಾರದಲ್ಲಿ ಆರು ದಿನ ತಿಳಿದಿರುವ ಸಂಗತಿಯಾಗಿದೆ. ಆದರೆ ಸದರಿ ಮಹಿಳೆಯು ತಮ್ಮ ಪತ್ನಿಯವರನ್ನು ಯಾವ ಕೋನದಿಂದಲೂ ಹೋಲುತ್ತಿರುವುದಿಲ್ಲ. ಕುಟುಂಬದ ಸದಸ್ಯರಲ್ಲದವರನ್ನು ಅತಿಥಿಗಳೆಂದು ಪರಿಗಣಿಸತಕ್ಕದ್ದು. ಅತಿಥಿಗಳು ತೋಟದ ಬೆಂಚಿನ ಮೇಲೆ ಕೂರುವಂತಿಲ್ಲ, ಲಿಫ್ಟಿನಲ್ಲಿ ಸದಸ್ಯರಿಗಿಂತ ಮೊದಲು ಹತ್ತುವಂತಿಲ್ಲ, ಒಂದು ತಿಂಗಳಿಗಿಂತ ಹೆಚ್ಚು ಕಾಲ ತಂಗುವಂತಿಲ್ಲ. ಅಷ್ಟರೊಳಗೆ ಸೂಕ್ತ ಸ್ಪಷ್ಟೀಕರಣ ನೀಡುವುದು, ಇಲ್ಲವೇ ಸದರಿಯವರನ್ನು ತೆರವುಗೊಳಿಸುವುದು."

ಶ್ರೀಮತಿಯವರು ನೋಟೀಸನ್ನು ಎರಡು ಸಲ ಓದಿದರು. ತೆರವುಗೊಳಿಸಬೇಕಾದದ್ದು ತಮ್ಮನ್ನು ಎಂಬುದರಲ್ಲಿ ಅನುಮಾನವಿರಲಿಲ್ಲ.

"ರೀ, ಇದೇನು ನೋಡಿ."

ಪತಿ ಓದಿದರು. ಓದುತ್ತಾ ಓದುತ್ತಾ ಅವರ ಮುಖದಲ್ಲಿ ಸಂಘದ ಬಗ್ಗೆ ಸಹಾನುಭೂತಿ ಮೂಡಿತು. ಎದುರಿನವರ ಮಾತಿಗೆ ತಕ್ಕ ಮುಖ ಕೊಡುವುದೇ ಅವರ ಬದುಕಾಗಿತ್ತು. "ಪಾಪ, ಅವರ ಕಡೆಯಿಂದ ನೋಡಿದ್ರೆ…" ಎಂದು ಶುರುಮಾಡಿದವರು ಹೆಂಡತಿಯ ಕಡೆಯಿಂದ ನೋಡಿ ನೋಟೀಸನ್ನು ಮಡಚಿಟ್ಟರು.

ಮರುದಿನದಿಂದ ಗೇಟಿನ ವಾಚ್‌ಮನ್ ಶ್ರೀಮತಿಯವರನ್ನು ಹೋಗುವಾಗಲೂ ಬರುವಾಗಲೂ ನಿಲ್ಲಿಸತೊಡಗಿದ.

"ಯಾರ ಮನೆಗೆ ಮೇಡಂ?"

"ನನ್ನ ಮನೆಗೆ."

"ಅದು ಗೊತ್ತು ಮೇಡಂ. ಯಾರ ಮನೆಗೆ ಅಂತ ಬರೀಲಿ?"

"ನಿನ್ನೆ ಏನು ಬರೆದೆಯೋ ಅದನ್ನೇ ಬರಿ."

"ನಿನ್ನೆ 'ಬಂದ ಕಾರಣ' ಅನ್ನೋ ಕಡೆ ಈರುಳ್ಳಿ ಅಂತ ಬರೆದಿದ್ದೆ. ಸೆಕ್ರೆಟರಿ ಸಾರ್ ಬೈದ್ರು. ಕಾರಣ ಅಂದ್ರೆ ಒಳಗಿನ ಕಾರಣ ಬರೀಬೇಕಂತೆ."

ಶ್ರೀಮತಿಯವರು ಈರುಳ್ಳಿಯ ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿ, ನೆಟ್ಟಗೆ ಸೆಕ್ರೆಟರಿಯ ಮನೆಗೆ ಹೋದರು.

ಸೆಕ್ರೆಟರಿ ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದವರು. ಅವರ ನಡುಮನೆಯಲ್ಲಿ ಹೂದಾನಿ ಇರಬೇಕಾದ ಜಾಗದಲ್ಲಿ ಹಿತ್ತಾಳೆಯ ತಕ್ಕಡಿಯೊಂದು ಇತ್ತು. ಮಾತಾಡುವಾಗ ಅವರು ಅದರ ಮುಳ್ಳನ್ನೇ ನೋಡುತ್ತಿದ್ದರು. ಶ್ರೀಮತಿಯವರು ವಿವಾಹ ನೋಂದಣಿಯ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟರು.

ಸೆಕ್ರೆಟರಿ ಅದನ್ನು ಮುಟ್ಟದೆ ಓದಿದರು. "ಕಾಗದ ಸರಿಯಾಗೇ ಇದೆ ಮೇಡಂ. ಆದ್ರೆ ಒಂದು ಮಾತು. ನಿಮ್ಮ ಮದುವೆ ನೋಡಿದವರು ಈ ಕಟ್ಟಡದಲ್ಲಿ ಯಾರಿದಾರೆ?"

"ಯಾರೂ ಇಲ್ಲ. ಅದು ನಡೆದದ್ದು—"

"ಅಲ್ಲಿಗೆ ಬಂತು. ಆ ಇನ್ನೊಂದು ಮದುವೇನ ನಾವೆಲ್ಲ ಕಣ್ಣಾರೆ ನೋಡಿದೀವಿ. ಒಂದು ವಾರ ನಡೀತು. ಮಧ್ಯೆ ಕರೆಂಟು ಹೋದಾಗ ನಮ್ಮನೆಯವಳು ಅತ್ತೇಬಿಟ್ಲು."

"ಅದು ಧಾರಾವಾಹಿ."

"ಅಯ್ಯೋ, ಧಾರಾವಾಹಿ ಅಂತ ಗೊತ್ತು ಮೇಡಂ! ನಾವೇನು ಓದುಬರಹ ಇಲ್ಲದವರಾ?" ಸೆಕ್ರೆಟರಿಗೆ ನಿಜವಾಗಿಯೂ ನೋವಾಗಿತ್ತು. "ಧಾರಾವಾಹಿ ಧಾರಾವಾಹೀನೇ. ಆದ್ರೆ ಸಂಸಾರ ಸಂಸಾರಾನೇ ಅಲ್ವಾ? ಎಂಟು ವರ್ಷದ ಸಂಸಾರ ಒಂದು ತಟ್ಟೇಲಿ, ನಿಮ್ಮ ಒಂದು ಹಾಳೆ ಇನ್ನೊಂದು ತಟ್ಟೇಲಿ. ನೀವೇ ಹೇಳಿ."

ಒಳಗಿನಿಂದ ಸೆಕ್ರೆಟರಿಯ ಹೆಂಡತಿ ನೀರು ತಂದಿಟ್ಟು, ಲೋಟ ಇಡಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಿ ಹೋದರು. ವಿಷಯವನ್ನು ಸರ್ವಸದಸ್ಯರ ಸಭೆಗೆ ಒಪ್ಪಿಸುವುದೆಂದು ತೀರ್ಮಾನವಾಯಿತು.

ಸಭೆ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಡೆಯಿತು. ಅಧ್ಯಕ್ಷರು ದಂತವೈದ್ಯರು. ಯಾರಾದರೂ ಬಾಯಿ ತೆರೆದರೆ ಅವರು ಮೊದಲು ಹಲ್ಲನ್ನು ನೋಡಿ ಆಮೇಲೆ ಮಾತನ್ನು ಕೇಳುತ್ತಿದ್ದರು. ಮುಖ್ಯ ಸಾಕ್ಷಿ ಎರಡನೆಯ ಮಹಡಿಯ ಅಜ್ಜಿ. ಒಂದು ಕಂತನ್ನೂ ಬಿಡದೆ ನೋಡಿದವರು ಅವರೊಬ್ಬರೇ.

"ನಾನು ಹೇಳೋದು ಇಷ್ಟೇ," ಎಂದು ಅಜ್ಜಿ ಎದ್ದುನಿಂತರು. "ರಾತ್ರಿ ಎಂಟು ಗಂಟೆಗೆ ಸರಿಯಾಗಿ ಅಲ್ಲಿ ಆ ತಾಯಿ ಬಾಗಿಲಲ್ಲಿ ಕೂತು ಇವರ ದಾರಿ ಕಾಯ್ತಾಳೆ. ಅದೇ ಎಂಟು ಗಂಟೆಗೆ ಸರಿಯಾಗಿ ಇಲ್ಲಿ ಇವರು ಲಿಫ್ಟಿಂದ ಆರನೇ ಮಹಡೀಲಿ ಇಳೀತಾರೆ. ಟಿವಿ ಮುಂದೆ ಕೂತೇ, ತೆರೆದ ಬಾಗಿಲಿಂದ ಲಿಫ್ಟಿನ ಅಂಕಿ ಆರಕ್ಕೆ ನಿಲ್ಲೋದನ್ನ ನಾನೇ ನೋಡಿದೀನಿ. ಕೇಳಿದ್ರೆ ಆಫೀಸಲ್ಲಿ ಕೆಲಸ ಇತ್ತು ಅಂತ ಅವಳ ಹತ್ರ ಸುಳ್ಳು ಹೇಳ್ತಾರೆ!"

ಸಭೆಯಲ್ಲಿ ಗುಸುಗುಸು ಎದ್ದಿತು. ವೇಳೆಯ ಲೆಕ್ಕ ತಾಳೆಯಾಗುತ್ತದೆ ಎಂದು ಸೆಕ್ರೆಟರಿ ದೃಢಪಡಿಸಿದರು.

"ಆ ಹಣೆಯ ಗಾಯಾನೂ ನೋಡಿ," ಎಂದರು ಅಜ್ಜಿ. "ಮೆಟ್ಟಿಲಿಂದ ಬಿದ್ರಂತೆ. ಯಾರು ತಳ್ಳಿದ್ದು ಅಂತ ಇನ್ನೂ ತೋರಿಸಿಲ್ಲ." ಎಂದವರೇ ತಿರುಗಿ ಶ್ರೀಮತಿಯವರನ್ನು ನೋಡಿದರು. ಎಲ್ಲರೂ ನೋಡಿದರು.

ಇಷ್ಟು ಹೊತ್ತೂ ಶ್ರೀಮತಿಯವರ ಪತಿ ಪಕ್ಕದಲ್ಲಿ ಕುಳಿತು ಅಜ್ಜಿಯ ಒಂದೊಂದು ಮಾತಿಗೂ ಮುಖ ಕೊಡುತ್ತಿದ್ದರು. ತಾಳ್ಮೆಯಮ್ಮ ಕಾಯುವ ಮಾತಿಗೆ ಕಣ್ಣು ಕೆಳಗಾಯಿತು. ಸುಳ್ಳಿನ ಮಾತಿಗೆ ಗಂಟಲು ಉಬ್ಬಿ ಇಳಿಯಿತು. ಗಾಯದ ಮಾತಿಗೆ ಕೈ ತಾನಾಗಿ ಹಣೆಗೆ ಹೋಯಿತು. ಎದುರಿಗಿರುವ ಕಲಾವಿದನನ್ನು ಮೇಲೆತ್ತುವುದರಲ್ಲಿ ಅವರಿಗೆ ಸಾಟಿಯಿಲ್ಲ ಎಂದು ಉದ್ಯಮದಲ್ಲಿ ಹೆಸರಿತ್ತು.

"ರೀ, ಬಾಯಿಗೆ ಬೀಗ ಹಾಕಿಕೊಂಡಿದೀರಾ? ಏನಾದ್ರೂ ಹೇಳಿ," ಎಂದು ಶ್ರೀಮತಿಯವರು ಹಲ್ಲಿನ ನಡುವಿನಿಂದ ಹೇಳಿದರು. ಅಧ್ಯಕ್ಷರು ಹಲ್ಲನ್ನು ಗಮನಿಸಿದರು.

ಪತಿ ಎದ್ದರು. ಎದೆ ಮುಂದೆ ಮಾಡಿದರು. ಪಾರ್ಕಿಂಗಿನ ಒಂದೇ ಟ್ಯೂಬ್‌ಲೈಟಿನ ಬೆಳಕು ಸರಿಯಾಗಿ ಮುಖದ ಮೇಲೆ ಬೀಳುವ ಜಾಗವನ್ನು ಹುಡುಕಿ ನಿಂತರು. ಆಮೇಲೆ ಕಾದರು. ಸಾಲು ಬರಲಿಲ್ಲ. ಕೊನೆಗೆ ಹಿಂದಿನ ಕುರ್ಚಿಯಲ್ಲಿದ್ದ ಸೆಕ್ರೆಟರಿ, ಹಿರಿಯ ಕಲಾವಿದರೊಬ್ಬರು ಸಾರ್ವಜನಿಕವಾಗಿ ತಡವರಿಸುವುದನ್ನು ನೋಡಲಾರದೆ, ಕೇವಲ ಸಹಾಯದ ದೃಷ್ಟಿಯಿಂದ ಮೆಲ್ಲನೆ ಅಂದರು:

"ನನ್ನಿಂದ ತಪ್ಪಾಗಿದೆ."

"ನನ್ನಿಂದ…" ಎಂದರು ಪತಿ. ಒಂದು ಕ್ಷಣ ತಡೆದರು. "ತಪ್ಪಾಗಿದೆ!"

ಅಜ್ಜಿ ಸೆರಗು ಬಾಯಿಗೊತ್ತಿಕೊಂಡರು.

"ಎರಡು ದೋಣಿಯಲ್ಲಿ ಕಾಲಿಟ್ಟೆ," ಎಂದರು ಸೆಕ್ರೆಟರಿ, ಉತ್ಸಾಹ ಏರಿ.

"ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿ ಏನಂತ… ಈಗ ಗೊತ್ತಾಗ್ತಿದೆ." ಕೊನೆಯ ಭಾಗ ಅವರ ಸ್ವಂತದ್ದು. ಸೆಕ್ರೆಟರಿಗೇ ಕಣ್ಣು ತುಂಬಿ ಮುಂದಿನ ಸಾಲು ಹೇಳಲಾಗಲಿಲ್ಲ. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಶ್ರೀಮತಿಯವರು ಮಾತ್ರ ಕುಳಿತಿದ್ದರು, ನೆಟ್ಟಗೆ.

ಮನೆಗೆ ಬಂದ ಮೇಲೆ ಪತಿ ಬೂಟು ಬಿಚ್ಚುತ್ತಾ, "ಚೆನ್ನಾಗಿ ಬಂತು, ಅಲ್ವಾ?" ಎಂದು ಕೇಳಿದರು.

ನಡಾವಳಿಯಲ್ಲಿ ದಾಖಲಾದ ತಪ್ಪೊಪ್ಪಿಗೆಯ ಪ್ರತಿಯನ್ನು ಸಂಘವು ಸೂಕ್ತ ಕ್ರಮಕ್ಕಾಗಿ ಚಾನೆಲ್ಲಿಗೆ ಕಳಿಸಿತು. ಚಾನೆಲ್ಲು ತಡಮಾಡಲಿಲ್ಲ. ಯಜಮಾನರಿಗೆ ದಾಖಲೆಗಳ ಪ್ರಕಾರ ಒಬ್ಬರೇ ಪತ್ನಿ ಇದ್ದು, ಎರಡನೆಯವರ ಬಗ್ಗೆ ತನಗೆ ಯಾವುದೇ ಮಾಹಿತಿ ಇರುವುದಿಲ್ಲವೆಂದೂ, ಇದ್ದಲ್ಲಿ ಸಂತೋಷವೆಂದೂ ಉತ್ತರಿಸಿತು. ಬೆನ್ನಲ್ಲೇ ಕಥಾ ವಿಭಾಗದ ಮುಖ್ಯಸ್ಥೆ ಖುದ್ದಾಗಿ ಬಂದಳು. ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡಿದ್ದ ಚುರುಕಿನ ಹುಡುಗಿ.

"ಆಂಟಿ, ಇಷ್ಟು ದಿನ ಎಲ್ಲಿದ್ರಿ ನೀವು! ನಾಲ್ಕು ತಿಂಗಳಿಂದ ಕಥೆ ನಿಂತಲ್ಲೇ ನಿಂತಿದೆ," ಎಂದು ಸೋಫಾದಲ್ಲಿ ಕುಳಿತಳು. "ಇದು ಬಹಳ ಸಣ್ಣ ವಿಷಯ. ಅಕ್ರಮ ಆಗಿದೆ, ಸಕ್ರಮ ಮಾಡೋಣ."

ಜೊತೆಯಲ್ಲಿ ಬಂದಿದ್ದ ಅಧ್ಯಕ್ಷರೂ ಸೆಕ್ರೆಟರಿಯೂ ಒಪ್ಪಿ ತಲೆಯಾಡಿಸಿದರು. ಅವರಿಗೆ ಅನುಭವವಿತ್ತು. ಆ ಕಟ್ಟಡಕ್ಕೆ ಮಂಜೂರಾಗಿದ್ದದ್ದು ಐದೇ ಮಹಡಿ. ಆರನೆಯದನ್ನು ಕಟ್ಟಿದ ಮೇಲೆ ಸಕ್ರಮಗೊಳಿಸಲಾಗಿತ್ತು.

"ನಿಮ್ಮನ್ನ ಮೊದಲನೇ ಹೆಂಡತಿ ಮಾಡ್ಲಾ ಆಂಟಿ, ಎರಡನೆಯವರು ಮಾಡ್ಲಾ?"

"ನಾನು ಇವರ ಒಬ್ಬಳೇ ಹೆಂಡತಿ."

"ಅದು ಆಗಲ್ಲ ಆಂಟಿ. ತಾಳ್ಮೆಯಮ್ಮಂದು ಕಾಂಟ್ರಾಕ್ಟ್ ಇನ್ನೂ ಇದೆ."

ಶ್ರೀಮತಿಯವರು ಕಿಟಕಿಯ ಆಚೆ ನೋಡಿದರು. ಕೆಳಗೆ ತೋಟದ ಬೆಂಚು ಖಾಲಿಯಿತ್ತು. ತಿಂಗಳು ಮುಗಿಯುತ್ತ ಬಂದಿತ್ತು. ಮುತ್ತಜ್ಜ, ಅಜ್ಜ, ತಂದೆ, ಮದರ್, ಎಲ್ಲರೂ ಸಾಲಾಗಿ ನಿಂತು ತಮ್ಮನ್ನೇ ನೋಡುತ್ತಿರುವಂತೆ ಅವರಿಗೆ ಅನಿಸಿತು. ಗುಂಡಿಗೆ ಬೀಳುವುದೇ ಆದರೆ ಬೆನ್ನು ನೆಟ್ಟಗಿಟ್ಟುಕೊಂಡು ಬೀಳಬೇಕು.

"ಹಾಗಾದರೆ ಮೊದಲನೆಯವಳು," ಎಂದರು.

"ಸೂಪರ್! ನಿಮ್ಮನ್ನ ತೋರಿಸಲ್ಲ. ಬರೀ ಮಾತಲ್ಲಿ ಬರ್ತೀರಿ. 'ನನ್ನ ಮೊದಲನೇ ಹೆಂಡತಿ ಇನ್ನೂ ಬದುಕಿದಾಳೆ' ಅಂತ ಅಂಕಲ್ ಹೇಳ್ತಾರೆ, ಎರಡು ವಾರ ಎಲ್ಲರ ಮುಖಕ್ಕೂ ಗುಡುಗು ಮಿಂಚು ಹೊಡಿಸ್ತೀವಿ. ಬಡ ಮನೆಯ ಹುಡುಗಿ, ಹಳ್ಳಿಯವಳು…"

"ಬಡವರಲ್ಲ. ಕಾನ್ವೆಂಟಿನಲ್ಲಿ ಓದಿದವಳು ಎಂದು ಬರೆಯಿರಿ. ಅಜ್ಜ ಶಾಲಾ ತನಿಖಾಧಿಕಾರಿ."

ಹುಡುಗಿ ಕೂದಲಿನಿಂದ ಪೆನ್ನು ಎಳೆದು ಬರೆದುಕೊಂಡಳು. ಸಂಘವೂ ತನ್ನ ನಿರಾಕ್ಷೇಪಣೆಯನ್ನು ಕೆಲವು ಷರತ್ತುಗಳಿಗೆ ಒಳಪಟ್ಟು ನೀಡಿತು. ಯಜಮಾನರು ನೊಂದು ಬೀದಿಯಲ್ಲಿ ನಡೆಯುವ ದೃಶ್ಯದಲ್ಲಿ ಅಧ್ಯಕ್ಷರ ಹಲ್ಲಿನ ಚಿಕಿತ್ಸಾಲಯದ ಬೋರ್ಡಿನ ಎದುರು ಸ್ವಲ್ಪ ಹೊತ್ತು ನಿಂತು ನೋಯತಕ್ಕದ್ದು ಎಂಬುದು ಅವುಗಳಲ್ಲಿ ಒಂದು.

ಕಂತುಗಳು ಪ್ರಸಾರವಾದ ವಾರವೇ ಕಟ್ಟಡದ ಗಾಳಿ ತಿರುಗಿತು. "ಸದರಿ ಮಹಿಳೆ" ಎಂಬಲ್ಲೆಲ್ಲ "ಹಿರಿಯ ಶ್ರೀಮತಿಯವರು" ಎಂದು ಓದಿಕೊಳ್ಳತಕ್ಕದ್ದು ಎಂದು ತಿದ್ದುಪಡಿ ಸುತ್ತೋಲೆ ಬಂತು. ವಾಚ್‌ಮನ್ ಈರುಳ್ಳಿಯ ಚೀಲವನ್ನು ತಾನೇ ಹೊತ್ತುಕೊಂಡು ಬಂದ. ಲಿಫ್ಟಿನಲ್ಲಿ ಜನ ಹಿಂದೆ ಸರಿದು ಜಾಗ ಬಿಟ್ಟರು. ಎರಡನೆಯ ಮಹಡಿಯ ಅಜ್ಜಿ ಕೈಹಿಡಿದುಕೊಂಡು, "ನಿಮಗಿಂತ ಮೊದಲು ಅವಳನ್ನ ನೋಡಿಬಿಟ್ವಿ, ಅದೇ ನಮ್ಮ ತಪ್ಪು. ಇಷ್ಟು ವರ್ಷ ಹೇಗೆ ಸಹಿಸಿಕೊಂಡ್ರಮ್ಮ?" ಎಂದು ಕೇಳಿದರು.

"ಅಭ್ಯಾಸ," ಎಂದರು ಶ್ರೀಮತಿಯವರು. ತೋಟದ ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದಿದರು. ಬೆಂಚು ಅಷ್ಟೇನೂ ಹಿತವಾಗಿರಲಿಲ್ಲ. ಆದರೂ ಪೂರ್ತಿ ಓದಿದರು.

ಯಜಮಾನರು ತಾಳ್ಮೆಯಮ್ಮನ ಮನೆ ಬಿಟ್ಟು ಮೊದಲನೆಯ ಹೆಂಡತಿಯ ಬಳಿಗೆ ಹಿಂದಿರುಗುವ ಕಂತನ್ನು ಇಡೀ ಕಟ್ಟಡ ಒಟ್ಟಿಗೆ ನೋಡಬೇಕೆಂದು ಸಂಘ ನಿರ್ಣಯಿಸಿತು. ಪಾರ್ಕಿಂಗಿನಲ್ಲಿ ಟಿವಿ ಇಟ್ಟರು. ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿಗೆ ದಿಂಬು ಹಾಕಿ ಶ್ರೀಮತಿಯವರನ್ನು ಕೂರಿಸಿದರು. ತಮ್ಮದೇ ವಿಷಯವಾದ್ದರಿಂದ ಇದು ಇಣುಕುವುದಾಗುವುದಿಲ್ಲ ಎಂದು ಅವರು ಒಪ್ಪಿಕೊಂಡಿದ್ದರು. ಎಂಟು ವರ್ಷದಲ್ಲಿ ಅವರು ತಾಳ್ಮೆಯಮ್ಮನನ್ನು ನೋಡಿದ್ದು ಅಂದೇ ಮೊದಲು.

ನೋಡಿದರೆ, ತೆಳ್ಳನೆಯ ಹೆಂಗಸು. ಮೇಜಿನ ಮೇಲೆ ಎರಡು ತಟ್ಟೆ ಇಟ್ಟು, ತಟ್ಟೆಯ ಅಂಚನ್ನು ಒರೆಸಿ, ಲೋಟವನ್ನು ಬಲಕ್ಕೆ ಸರಿಸಿದಳು. ಅಚ್ಚುಕಟ್ಟಾಗಿತ್ತು. ಯಜಮಾನರು ಪೆಟ್ಟಿಗೆ ಹಿಡಿದು ಕೋಣೆಯಿಂದ ಹೊರಬಂದರು.

"ಹೋಗಬೇಡಿ ಅನ್ನಲ್ಲ," ಎಂದಳು ತಾಳ್ಮೆಯಮ್ಮ. "ಅವರೂ ಒಬ್ಬ ಹೆಣ್ಣು. ನನಗಿಂತ ಮೊದಲು ಬಂದವರು. ಆದ್ರೆ ಅಡುಗೆ ಆಗಿದೆ. ಒಂದು ತುತ್ತು ತಿಂದುಕೊಂಡು…"

ಅವಳ ಮಾತು ಇನ್ನೂ ಮುಗಿದಿರಲಿಲ್ಲ. ಯಜಮಾನರು ಬೆನ್ನು ತಿರುಗಿಸಿದರು. ನಡೆದರು. ಬಾಗಿಲನ್ನೂ ಹಾಕಲಿಲ್ಲ.

ಪಾರ್ಕಿಂಗಿನಲ್ಲಿ ಸಿಳ್ಳೆ ಬಿತ್ತು. "ಗೆದ್ರಿ ಅಮ್ಮಾ!" ಎಂದು ಅಜ್ಜಿ ಶ್ರೀಮತಿಯವರ ಭುಜ ತಟ್ಟಿದರು. ಪರದೆಯ ಮೇಲೆ ತಾಳ್ಮೆಯಮ್ಮ ಎರಡನೆಯ ತಟ್ಟೆಯ ಮೇಲೆ ಮುಚ್ಚಳ ಮುಚ್ಚುತ್ತಿದ್ದಳು. ಶ್ರೀಮತಿಯವರು ದಿಂಬನ್ನು ಕುರ್ಚಿಯ ಮೇಲೆ ನೇರವಾಗಿಟ್ಟು ಎದ್ದರು.

ಅಷ್ಟರಲ್ಲಿ ಪತಿ ಸ್ಟುಡಿಯೋದಿಂದ ಬಂದರು. ಧಾರಾವಾಹಿಯಲ್ಲಿ ಆ ಸಂಜೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಕೈಯಲ್ಲಿ ಅದೇ ಪೆಟ್ಟಿಗೆಯಿತ್ತು. ಜನ ದಾರಿಯುದ್ದಕ್ಕೂ ಎದ್ದುನಿಂತರು. ಅವರು ಎಲ್ಲರಿಗೂ ಕೈಮುಗಿಯುತ್ತಾ, ಮನೆಗೆ ಮರಳಿದ ಗಂಡನಿಗೆ ತಕ್ಕ ಮುಖದಲ್ಲಿ ಹೆಂಡತಿಯ ಮುಂದೆ ಬಂದು ನಿಂತರು.

"ಆಕೆ ಮಾತಾಡ್ತಿರುವಾಗ ಹೊರಟು ಬಂದಿರಾ?" ಎಂದರು ಶ್ರೀಮತಿಯವರು.

"ಯಾರು?"

"ಅಲ್ಲಿ, ತಟ್ಟೆ ಇಟ್ಟುಕೊಂಡು ನಿಂತಿದ್ದಳಲ್ಲ, ಅವಳು."

"ಅದು ಸೀನು ಕಣೇ."

"ಸೀನೋ ಮತ್ತೊಂದೋ. ಊಟಕ್ಕೆ ಕರೆದವರಿಗೆ ಬೆನ್ನು ತೋರಿಸಿ ಹೋಗೋದು ಯಾವ ಸೀಮೆ ನಡವಳಿಕೆ? ಎಂಟು ವರ್ಷ ಅವಳ ಮನೇಲಿ ಉಂಡಿದೀರಿ."

"ಬಂದಿದ್ದು ನಿನಗೋಸ್ಕರ ಅಲ್ವೇ! ಇವರೆಲ್ಲ ಸೇರಿ ಬರೆಸಿದ್ದು."

"ಬಂದಿದ್ದು ಸರಿ. ಬಂದ ರೀತಿ ಸರಿಯಿಲ್ಲ. ನಾನು ಮೊದಲನೆಯವಳು, ಆ ಮನೆಯ ಮರ್ಯಾದೆಗೂ ನಾನೇ ಜವಾಬ್ದಾರಳು."

"ಮೇಡಂ ಹೇಳೋದು ನ್ಯಾಯ ಸಾರ್," ಎಂದರು ಸೆಕ್ರೆಟರಿ, ಬಹಳ ತೂಗಿ ನೋಡಿ. ಅಧ್ಯಕ್ಷರು ಅನುಮೋದಿಸಿದರು. ಅಜ್ಜಿ, "ಹೌದಲ್ಲಾ, ಪಾಪ, ಅವಳು ಏನು ತಪ್ಪು ಮಾಡಿದ್ಲು," ಎಂದು ಕಣ್ಣೊರೆಸಿಕೊಂಡರು. ವಿರೋಧ ಯಾರದೂ ಇರಲಿಲ್ಲ.

"ನನಗೆ ಅಲ್ಲಿ ಮಾತೇ ಇರಲಿಲ್ಲ," ಎಂದರು ಪತಿ ಸಣ್ಣ ದನಿಯಲ್ಲಿ. "ಬರೆದಿರಲಿಲ್ಲ."

"ಬರೆದಿಲ್ಲದಿದ್ರೆ ಬರೆಸಿಕೊಳ್ಳಿ," ಎಂದರು ಶ್ರೀಮತಿಯವರು. "ನಾಳೆ ಬೆಳಿಗ್ಗೆ ಹೋಗಿ, ಎಲ್ಲರ ಎದುರಿಗೆ, ಆ ಹೆಣ್ಣುಮಗಳ ಕ್ಷಮೆ ಕೇಳಿ."